ದೋಷಾನ್ವೇಷಣ ಧರ್ಮ

ದೋಷವಿದೆಯೆಂದು ಹೇಳುವುದು ಸುಲಭ. ದೋಷವಿರುವ ಎಡೆಯನ್ನು ತೋರಿಸುವುದು ಕಷ್ಟ. ವೈದ್ಯನಿಗೂ ವೈಯಾಕರಣನಿಗೂ ನ್ಯಾಯಾಧೀಶನಿಗೂ ಸಮಾನವಾಗಿರುವ ಈ ಕಷ್ಟವು ಈಗಿನ ದಿನಗಳಲ್ಲಿ ಗಣಕಯಂತ್ರಗಳೊಡನೆ ವ್ಯವಹರಿಸುವ ಉಪಾಧ್ಯಾಯನಿಗೂ ಒದಗಿಬಂದಿದೆ. 2025ನೆಯ ಇಸವಿಯ ನವೆಂಬರ್ ತಿಂಗಳಿನಲ್ಲಿ ಕರಾವಳಿಯ ಒಂದು ಗ್ರಾಮದ ಶಾಲೆಯಲ್ಲಿ ನಡೆದ ಸಣ್ಣ ಪ್ರಸಂಗವೊಂದು ಈ ಮಾತಿಗೆ ನಿದರ್ಶನವಾಗಬಲ್ಲುದು. ಆ ಪ್ರಸಂಗದ ಕೇಂದ್ರದಲ್ಲಿರುವವರು ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು, ಶ್ರೀಮಠದ ಶಾಲೆಯಲ್ಲಿ ಅಕ್ಷರ ಕಲಿತು, ಮುಂದೆ ಗಣಕ ವಿಜ್ಞಾನವನ್ನು ಅಭ್ಯಸಿಸಿ, ಈಗ ಉಡುಪಿ ಜಿಲ್ಲೆಯಲ್ಲಿ ಅಧ್ಯಾಪನ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು. ತಮ್ಮ ಹೆಸರು ಅಚ್ಚಾಗಬಾರದೆಂಬುದು ಅವರ ಅಪೇಕ್ಷೆ. ಆದುದರಿಂದ ಇಲ್ಲಿ ಅವರನ್ನು ಉಪಾಧ್ಯಾಯರೆಂದಷ್ಟೇ ಕರೆಯಲಾಗಿದೆ.

ಉಪಾಧ್ಯಾಯರು ವಾಸವಾಗಿರುವುದು ಹೆಜಮಾಡಿಯಲ್ಲಿ. ಉಡುಪಿ ಜಿಲ್ಲೆಯ ದಕ್ಷಿಣದ ಅಂಚಿನಲ್ಲಿರುವ ಗ್ರಾಮ ಅದು. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ದಕ್ಷಿಣಕ್ಕೆ ಶಾಂಭವೀ ನದಿ. ಸೇತುವೆಯನ್ನು ದಾಟಿದರೆ ಮೂಲ್ಕಿ, ಅಂದರೆ ದಕ್ಷಿಣ ಕನ್ನಡ ಜಿಲ್ಲೆ. ಊರನ್ನು ಸೀಳಿಕೊಂಡು ಹೋಗುವ 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಸಂಚರಿಸುವವರು ಹೆಜಮಾಡಿಯನ್ನು ಸುಂಕದ ಕಟ್ಟೆಯಿಂದ ಗುರುತಿಸುತ್ತಾರೆ. ಊರಿನವರು ಅದನ್ನು ಗುರುತಿಸುವುದು ಕೋಡಿಯ ಕಡಲತೀರದಿಂದ, ದೋಣಿಗಳಿಂದ, ಬಲೆಗಳಿಂದ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಸೀಮೆಯದು. ಮಳೆಗಾಲದ ಆದಿಯಲ್ಲಿಯೂ ಅಂತ್ಯದಲ್ಲಿಯೂ ಸಿಡಿಲಿನ ಹಾವಳಿ ವಿಶೇಷ. ಉಪ್ಪುಗಾಳಿಯು ಲೋಹವೆಂಬುದನ್ನು ಉಳಿಯಗೊಡುವುದಿಲ್ಲ. ವಿದ್ಯುನ್ಮಾನ ಯಂತ್ರಗಳಿಗೆ ಇದು ಸುಖದ ತಾಣವಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಆ ಊರಿನ ಶಾಲೆಯೊಂದಕ್ಕೆ ದಾನಿಗಳಿಂದ 24 ಹಳೆಯ ಗಣಕಯಂತ್ರಗಳು ಬಂದವು. ವಿಂಡೋಸ್ 10 ಎಂಬ ತಂತ್ರಾಂಶಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಮುಂದಿನ ಆವೃತ್ತಿಯನ್ನು ಹೊರಲಾರದ ಯಂತ್ರಗಳನ್ನು ಕಚೇರಿಗಳು ಹೊರಗೆ ಹಾಕತೊಡಗಿದವು. ಹೀಗೆ ಹೊರಬಿದ್ದ ಯಂತ್ರಗಳ ದೇಹ ಗಟ್ಟಿಯಾಗಿಯೇ ಇತ್ತು. ಬೇಕಾದುದು ಹೊಸ ಜೀವ. ಆ ಜೀವವನ್ನು ಲಿನಕ್ಸಿನಿಂದ ತುಂಬಬಹುದೆಂದು ಉಪಾಧ್ಯಾಯರು ಶಾಲೆಯ ಆಡಳಿತ ಮಂಡಳಿಗೆ ಭರವಸೆಯಿತ್ತರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಈ ತಂತ್ರಾಂಶವನ್ನು ಯಾರು ಬೇಕಾದರೂ ಬೆಲೆಯಿಲ್ಲದೆ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಹಂಚಬಹುದು. ಪ್ರಸಾದನಿಲಯದಲ್ಲಿ ಬೆಳೆದವರಿಗೆ ಈ ಏರ್ಪಾಡಿನ ಮರ್ಮವನ್ನು ವಿವರಿಸಿ ಹೇಳಬೇಕಾಗಿಲ್ಲ.

ಇದು ಅಪೂರ್ವ ಸಾಹಸವೇನೂ ಆಗಿರಲಿಲ್ಲ. ಅದೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸಾಗಿ ತಲಪಾಡಿಯನ್ನು ದಾಟಿದರೆ ಕಾಸರಗೋಡು ಜಿಲ್ಲೆ ಸಿಗುತ್ತದೆ. ಕೇರಳ ಸರಕಾರವು 2001ರಲ್ಲಿ ಆರಂಭಿಸಿದ ‘ಐಟಿ ಅಟ್ ಸ್ಕೂಲ್’ ಯೋಜನೆಯು 2017ರಲ್ಲಿ ‘ಕೈಟ್’ ಎಂಬ ಸಂಸ್ಥೆಯಾಗಿ ರೂಪಾಂತರ ಹೊಂದಿತು. ಅದು ಶಾಲೆಗಳಿಗಾಗಿಯೇ ಸಿದ್ಧಪಡಿಸಿರುವ ಲಿನಕ್ಸನ್ನು ಮಂಜೇಶ್ವರ, ಕಾಸರಗೋಡುಗಳ ಕನ್ನಡ ಮಾಧ್ಯಮದ ಮಕ್ಕಳೂ ಬಳಸುತ್ತಾರೆ. ಅಲ್ಲಿ ಸಾಧ್ಯವಾದುದು ಶಾಂಭವಿಯ ಈಚೆಯ ದಡದಲ್ಲಿ ಏಕೆ ಸಾಧ್ಯವಾಗಬಾರದೆಂಬುದು ಉಪಾಧ್ಯಾಯರ ವಾದ. ಆಡಳಿತ ಮಂಡಳಿಯು ಒಪ್ಪಿತು. ನವೆಂಬರ್ 14, ಮಕ್ಕಳ ದಿನಾಚರಣೆಯಂದು ದಾನಿಗಳ ಸಮ್ಮುಖದಲ್ಲಿ ಗಣಕಶಾಲೆಯ ಉದ್ಘಾಟನೆಯೆಂದು ನಿಶ್ಚಯವಾಯಿತು.

ಉಪಾಧ್ಯಾಯರು ಆರಿಸಿಕೊಂಡುದು 2025ರ ಆಗಸ್ಟ್ ತಿಂಗಳಿನಲ್ಲಿ ಬಿಡುಗಡೆಯಾಗಿದ್ದ ಡೆಬಿಯನ್ 13 ಎಂಬ ಆವೃತ್ತಿಯನ್ನು. ಒಂದು ಯಂತ್ರದಲ್ಲಿ ಲಿನಕ್ಸನ್ನು ಸ್ಥಾಪಿಸುವಾಗ ಅದು ಅನೇಕ ಪ್ರಶ್ನೆಗಳನ್ನು ಕೇಳುತ್ತದೆ: ಭಾಷೆ ಯಾವುದು, ಕೀಲಿಮಣೆ ಯಾವುದು, ಕಾಲವಲಯ ಯಾವುದು, ತಟ್ಟೆಯನ್ನು ಹೇಗೆ ವಿಭಾಗಿಸಬೇಕು, ಬಳಸುವವರ ಹೆಸರೇನು ಎಂದು ಮುಂತಾಗಿ. ಒಂದು ಯಂತ್ರಕ್ಕಾದರೆ ಕುಳಿತು ಉತ್ತರಿಸಬಹುದು; ಇಪ್ಪತ್ನಾಲ್ಕಕ್ಕೆ ಅದು ಶಿಕ್ಷೆಯೇ ಸರಿ. ಅದಕ್ಕಾಗಿ ಎಲ್ಲ ಉತ್ತರಗಳನ್ನೂ ಮೊದಲೇ ಒಂದು ಪತ್ರದಲ್ಲಿ ಬರೆದಿಡುವ ಪದ್ಧತಿಯುಂಟು. ರೆಡ್ ಹ್ಯಾಟ್ ಸಂಪ್ರದಾಯದವರು ಅದನ್ನು ಕಿಕ್‌ಸ್ಟಾರ್ಟ್ ಎನ್ನುತ್ತಾರೆ. ಡೆಬಿಯನ್ ಸಂಪ್ರದಾಯದವರು ಪ್ರೀಸೀಡ್ ಎನ್ನುತ್ತಾರೆ. ಉಬುಂಟುವಿನವರು 2020ರಿಂದೀಚೆಗೆ ಆಟೋಇನ್‌ಸ್ಟಾಲ್ ಎಂಬ ಬೇರೊಂದು ಕ್ರಮವನ್ನು ಹಿಡಿದಿದ್ದಾರೆ. ಹೆಸರು ಯಾವುದಾದರೂ ಅದನ್ನು ಇಲ್ಲಿ ಉತ್ತರಪತ್ರವೆಂದು ಕರೆಯಬಹುದು.

ಇದರ ಕಾರ್ಯಕ್ರಮ ಹೀಗೆ. ಯಂತ್ರಕ್ಕೆ ವಿದ್ಯುತ್ತು ತಾಗಿದೊಡನೆ ಅದರ ಜಾಲಕಾರ್ಡಿನಲ್ಲಿ ಅಡಗಿರುವ ಪಿ.ಎಕ್ಸ್.ಇ. ಎಂಬ ಸಣ್ಣ ಕ್ರಮವಿಧಿಯು ಎಚ್ಚೆತ್ತು, “ಇಲ್ಲಿ ಯಾರಾದರೂ ಇದ್ದೀರಾ? ನನಗೊಂದು ವಿಳಾಸ ಕೊಡಿ” ಎಂದು ಜಾಲದಲ್ಲೆಲ್ಲ ಕೂಗುತ್ತದೆ. ಡಿ.ಎಚ್.ಸಿ.ಪಿ. ಎಂಬ ಸೇವೆಯನ್ನು ನಡೆಸುತ್ತಿರುವ ಪರಿಚಾರಕ ಯಂತ್ರವು ವಿಳಾಸವೊಂದನ್ನು ನೀಡುವೆನೆನ್ನುತ್ತದೆ, ಬಂದ ಯಂತ್ರ ಬೇಕೆನ್ನುತ್ತದೆ, ಪರಿಚಾರಕ ಆಗಲೆನ್ನುತ್ತದೆ. ಕೂಗು, ಕೊಡುಗೆ, ಕೋರಿಕೆ, ಒಪ್ಪಿಗೆ ಎಂಬ ಈ ನಾಲ್ಕು ಮಾತುಗಳು ಮುಗಿದ ಮೇಲೆ ಟಿ.ಎಫ್.ಟಿ.ಪಿ. ಎಂಬ ಸರಳ ಸಾಗಣೆಯ ಮೂಲಕ ಲಿನಕ್ಸಿನ ತಿರುಳು ಯಂತ್ರದೊಳಕ್ಕೆ ಬರುತ್ತದೆ. ತಿರುಳು ಎಚ್ಚೆತ್ತ ಮೇಲೆ ಸ್ಥಾಪಕ ಕ್ರಮವಿಧಿಯು ಮತ್ತೊಮ್ಮೆ ತಾನಾಗಿ ವಿಳಾಸವನ್ನು ಬೇಡಿ ಪಡೆದು, ಉತ್ತರಪತ್ರವನ್ನು ತರಿಸಿಕೊಂಡು, ಅದರಂತೆ ಮುಂದುವರಿಯುತ್ತದೆ. ವಿಳಾಸವನ್ನು ಎರಡು ಸಲ ಬೇಡಲಾಗುತ್ತದೆಯೆಂಬ ಅಂಶ ಮುಂದಿನ ಕಥೆಗೆ ಮುಖ್ಯ.

ಉಪಾಧ್ಯಾಯರು ಅಂತರಜಾಲದ ಸಂಪರ್ಕವನ್ನು ನೆಚ್ಚದೆ ಸಮಸ್ತ ಕಡತಗಳನ್ನೂ ತಮ್ಮ ಲ್ಯಾಪ್‌ಟಾಪಿನಲ್ಲಿ ತುಂಬಿ ಅದನ್ನೇ ಪರಿಚಾರಕವನ್ನಾಗಿ ಮಾಡಿದರು. ಭಾನುವಾರ ಮನೆಯಲ್ಲಿ ಒಂದು ಯಂತ್ರವನ್ನು ಚಿಕ್ಕ ಸ್ವಿಚ್ಚಿನ ಮೂಲಕ ಜೋಡಿಸಿ ಪರೀಕ್ಷಿಸಿದಾಗ ಕೆಲಸ ನಿರಾತಂಕವಾಗಿ ನಡೆಯಿತು.

ಶಾಲೆಯಲ್ಲಿ ಕೇಬಲ್ಲುಗಳನ್ನು ಕಟ್ಟುವ ಕೆಲಸವನ್ನು ವಹಿಸಿಕೊಂಡಿದ್ದವನು ಹತ್ತೊಂಬತ್ತರ ಪ್ರಾಯದ ಸಹಾಯಕ. ಪದವಿಪೂರ್ವ ತರಗತಿಯನ್ನು ಅರ್ಧಕ್ಕೆ ಬಿಟ್ಟವನು; ಕೋಡಿಯ ಮೀನುಗಾರರ ಮನೆಯವನು; ಎರಡು ತಿಂಗಳ ತಾತ್ಕಾಲಿಕ ನೇಮಕದಲ್ಲಿದ್ದವನು. ಗಣಕಶಾಲೆ ಸರಿಯಾಗಿ ನಡೆದರೆ ಅವನ ಕೆಲಸ ಮುಂದುವರಿಯಬಹುದೆಂಬ ಮಾತಿತ್ತು. ಬಲೆಯ ಕಣ್ಣುಗಳನ್ನು ನೇಯ್ದು ಪಳಗಿದ ಕೈ ಅವನದು. ಜಾಲವೆಂಬ ಶಬ್ದಕ್ಕೆ ಬಲೆಯೆಂಬುದೇ ಮೂಲಾರ್ಥವಷ್ಟೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂಬ ಎಂಟು ತಂತಿಗಳ ಅನುಕ್ರಮವನ್ನು ಅವನು ಒಂದೇ ದಿನದಲ್ಲಿ ಕಲಿತು, 24 ಕೇಬಲ್ಲುಗಳ 48 ತುದಿಗಳನ್ನೂ ತಾನೇ ಹಿಡಿದು ಬಿಗಿದನು. ಹುಲ್ಲಿನ ಹಗ್ಗವನ್ನು ಹೊಸೆದು ದಾಸೋಹ ನಡೆಸಿದ ನುಲಿಯ ಚಂದಯ್ಯನವರ ಕಥೆಯನ್ನು ಉಪಾಧ್ಯಾಯರು ಅವನಿಗೆ ಆಗ ಹೇಳಿದರಂತೆ.

ನವೆಂಬರ್ 10, ಸೋಮವಾರ. ಯಂತ್ರಗಳನ್ನು ಸಾಲಾಗಿ ಇರಿಸಿ, ಕೇಬಲ್ಲುಗಳನ್ನು ಸ್ವಿಚ್ಚಿಗೆ ಸೇರಿಸಿ, ಮುಖ್ಯೋಪಾಧ್ಯಾಯರ ಮತ್ತು ಶಿಕ್ಷಕವರ್ಗದ ಎದುರಿನಲ್ಲಿ ವಿದ್ಯುತ್ತನ್ನು ಹರಿಸಲಾಯಿತು. ಪರದೆಗಳು ಬೆಳಗಿದವು, ತಿರುಳು ಬಂದಿಳಿಯಿತು, ಸ್ಥಾಪಕವೂ ಎಚ್ಚೆತ್ತಿತು. ಅನಂತರ ಒಂದಾದ ಮೇಲೊಂದರಂತೆ ಇಪ್ಪತ್ನಾಲ್ಕು ಪರದೆಗಳ ಮೇಲೂ ಒಂದೇ ವಾಕ್ಯ ಮೂಡಿ ನಿಂತಿತು: ಜಾಲದ ಸ್ವಯಂ ಹೊಂದಾಣಿಕೆ ವಿಫಲವಾಗಿದೆಯೆಂದು. ಎರಡನೆಯ ಸಲವೂ ಹಾಗೆಯೇ ಆಯಿತು. ಮೂರನೆಯ ಸಲವೂ ಹಾಗೆಯೇ.

“ಭಾನುವಾರ ಸರಿಯಾಗಿದ್ದುದು ಇಂದು ಕೆಡಬೇಕಾದರೆ ಹೊಸದಾಗಿ ಸೇರಿದುದೇನು?” ಎಂದು ಮುಖ್ಯೋಪಾಧ್ಯಾಯರು ಕೇಳಿದರು. ಪ್ರಶ್ನೆ ಯುಕ್ತವಾಗಿತ್ತು. “ಕೇಬಲ್ಲುಗಳು ಹೊಸವು, ಅವನ್ನೊಮ್ಮೆ ನೋಡಬೇಕು” ಎಂದು ಉಪಾಧ್ಯಾಯರು ಉತ್ತರಿಸಿದರು. ಉತ್ತರವು ನಿಜವಾಗಿತ್ತು, ಆದರೆ ಪೂರ್ಣವಾಗಿರಲಿಲ್ಲ. ಹೊಸದಾಗಿ ಸೇರಿದ ಇನ್ನೊಂದು ವಸ್ತುವೆಂದರೆ ದೊಡ್ಡ ಸ್ವಿಚ್ಚು. ಅದನ್ನು ತಮ್ಮ ಸಂಗ್ರಹದಿಂದ ಶಾಲೆಗೆ ಕೊಡುಗೆಯಾಗಿ ತಂದವರು ಉಪಾಧ್ಯಾಯರೇ ಆದುದರಿಂದ ಅದು ಶಂಕೆಯ ಎಲ್ಲೆಯಿಂದ ಹೊರಗೇ ಉಳಿಯಿತು. ಉಪಾಧ್ಯಾಯರು ಆಡಿದ ಅರ್ಧವಾಕ್ಯವನ್ನು ಮುಖ್ಯೋಪಾಧ್ಯಾಯರು ಪೂರ್ಣಗೊಳಿಸಿದರು. ಅರೆಕಲಿತವರ ಕೈಗೆ ಇಂಥ ಕೆಲಸವನ್ನು ಕೊಡಬಾರದಾಗಿತ್ತೆಂದೂ, ದಾನಿಗಳ ಮುಂದೆ ಶಾಲೆಯ ಮಾನ ಹೋಗುವುದೆಂದೂ, ನಾಳೆಯಿಂದ ಬೇರೆಯವರನ್ನು ಕರೆಸುವುದಾಗಿಯೂ ಅವರು ಎಲ್ಲರಿಗೂ ಕೇಳುವಂತೆ ಹೇಳಿದರು. ಹುಡುಗನು ಏನನ್ನೂ ಹೇಳಲಿಲ್ಲ. ಕೈಯಲ್ಲಿದ್ದ ಇಕ್ಕಳವನ್ನು ಮೇಜಿನ ಮೇಲಿಟ್ಟು ಹೊರಟುಹೋದನು. ಉಪಾಧ್ಯಾಯರೂ ಏನನ್ನೂ ಹೇಳಲಿಲ್ಲ. ಆ ಮೌನವನ್ನು ಅವರು ಈಗಲೂ ತಮ್ಮ ಅಪರಾಧಗಳ ಲೆಕ್ಕದಲ್ಲಿ ಬರೆದುಕೊಳ್ಳುತ್ತಾರೆ.

ಸಂಜೆ ಎಲ್ಲರೂ ತೆರಳಿದ ಮೇಲೆ ಅವರೊಬ್ಬರೇ ಗಣಕಶಾಲೆಯಲ್ಲಿ ಕುಳಿತರು. ಡೆಬಿಯನ್ನಿನ ಸ್ಥಾಪಕವು ಕೆಲಸ ಮಾಡುತ್ತಿರುವಾಗ ಕಾಣುವ ಪರದೆಯ ಹಿಂದೆ ಕಾಣದ ಇನ್ನೂ ಕೆಲವು ಪರದೆಗಳಿರುತ್ತವೆ. ಕೀಲಿಗಳನ್ನೊತ್ತಿ ಎರಡನೆಯ ಪರದೆಗೆ ಹೋದರೆ ಯಂತ್ರಕ್ಕೆ ನೇರವಾಗಿ ಆಜ್ಞೆ ಕೊಡಬಹುದು. ನಾಲ್ಕನೆಯದಕ್ಕೆ ಹೋದರೆ ಯಂತ್ರವು ತನ್ನಷ್ಟಕ್ಕೆ ಬರೆದುಕೊಳ್ಳುತ್ತಿರುವ ದಿನಚರಿಯನ್ನು ಓದಬಹುದು. ಹಗಲಿನಲ್ಲಿ ಅಷ್ಟು ಮಂದಿ ನೆರೆದಿದ್ದಾಗ ಆ ದಿನಚರಿಯನ್ನು ಯಾರೂ ಓದಿರಲಿಲ್ಲ; ಆರೋಪವನ್ನು ಮಾತ್ರ ಮಾಡಿದ್ದರು.

ದಿನಚರಿಯಲ್ಲಿ ಬರೆದಿದ್ದುದಿಷ್ಟು: ಕೇಬಲ್ಲಿನ ಸಂಪರ್ಕ ಸಿದ್ಧಿಸಿದೆ, ಪೂರ್ಣ ವೇಗದಲ್ಲಿದೆ; ವಿಳಾಸಕ್ಕಾಗಿ ಕೂಗಲಾಯಿತು; ಉತ್ತರವಿಲ್ಲ; ಮತ್ತೆ ಕೂಗಲಾಯಿತು; ಉತ್ತರವಿಲ್ಲ. ಮೊದಲನೆಯ ಸಾಲನ್ನು ಓದಿದಾಗಲೇ ಹುಡುಗನ ನಿರಪರಾಧಿತ್ವ ಸ್ಪಷ್ಟವಾಯಿತು. ಕೇಬಲ್ಲು ಕೆಟ್ಟಿದ್ದರೆ ಸಂಪರ್ಕವೇ ಸಿದ್ಧಿಸುತ್ತಿರಲಿಲ್ಲ, ತಿರುಳೂ ಬಂದಿಳಿಯುತ್ತಿರಲಿಲ್ಲ. ಉಪಾಧ್ಯಾಯರು ಎರಡನೆಯ ಪರದೆಗೆ ಹೋಗಿ ಕೈಯಾರೆ ವಿಳಾಸವನ್ನು ಬೇಡಿದರು. ತಕ್ಷಣ ದೊರೆಯಿತು. ಯಂತ್ರವನ್ನು ಮರಳಿ ಆರಂಭಿಸಿದರು, ಮತ್ತೆ ವಿಫಲ. ಗಡಿಯಾರವನ್ನು ನೋಡಿಕೊಂಡು ಅರ್ಧ ನಿಮಿಷ ಕಾದು ಬೇಡಿದರು; ಮತ್ತೆ ಸಫಲ. ದೋಷವು ವಸ್ತುವಿನಲ್ಲಿರಲಿಲ್ಲ, ಕಾಲದಲ್ಲಿತ್ತು.

ಕಾರಣ ಹೀಗಿದೆ. ಜಾಲದಲ್ಲಿ ಎಲ್ಲಿಯಾದರೂ ವೃತ್ತಾಕಾರದ ದಾರಿ ಉಂಟಾದರೆ ಸಂದೇಶಗಳು ಕೊನೆಯಿಲ್ಲದೆ ಸುತ್ತುತ್ತ ಜಾಲವನ್ನೇ ಮುಳುಗಿಸುತ್ತವೆ. ಅದನ್ನು ತಡೆಯಲು ರೇಡಿಯಾ ಪರ್ಲ್‌ಮನ್ ಎಂಬ ವಿದುಷಿಯು 1985ರಲ್ಲಿ ಒಂದು ವಿಧಾನವನ್ನು ರೂಪಿಸಿದರು. ವೃತ್ತವನ್ನು ಕಡಿದು ಜಾಲವನ್ನು ವೃಕ್ಷವನ್ನಾಗಿಸುವ ಆ ವಿಧಾನವನ್ನು ಕುರಿತು ಅವರೇ ಒಂದು ಪದ್ಯವನ್ನೂ ರಚಿಸಿದ್ದಾರೆಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಸಂತೋಷದ ಸಂಗತಿ. ಈ ವಿಧಾನವನ್ನು ಅನುಸರಿಸುವ ಸ್ವಿಚ್ಚು, ತನ್ನ ಯಾವುದೇ ದ್ವಾರದಲ್ಲಿ ಹೊಸಬರು ಬಂದರೆ ಒಡನೆಯೇ ಒಳಗೆ ಬಿಡುವುದಿಲ್ಲ. 15 ಸೆಕೆಂಡು ಆಲಿಸುತ್ತದೆ. ಮತ್ತೆ 15 ಸೆಕೆಂಡು ಅರಿತುಕೊಳ್ಳುತ್ತದೆ. ಆ ಮೇಲೆ ಮಾತುಕತೆಗೆ ಅವಕಾಶ. ದೀಪ ಉರಿಯುತ್ತಿರುತ್ತದೆ, ಬಾಗಿಲು ಮುಚ್ಚಿರುತ್ತದೆ. ಪಿ.ಎಕ್ಸ್.ಇ. ಕ್ರಮವಿಧಿಯು ಸಹನಶೀಲ, 4, 8, 16, 32 ಸೆಕೆಂಡುಗಳೆಂದು ಅವಧಿಯನ್ನು ಇಮ್ಮಡಿಸುತ್ತ ಒಂದು ನಿಮಿಷದವರೆಗೆ ಕಾಯುತ್ತದೆ. ಆದುದರಿಂದಲೇ ಮೊದಲ ಹಂತ ಗೆದ್ದಿತು. ತಿರುಳು ಎಚ್ಚೆತ್ತು ಜಾಲಕಾರ್ಡನ್ನು ತನ್ನ ವಶಕ್ಕೆ ತೆಗೆದುಕೊಳ್ಳುವಾಗ ಸಂಪರ್ಕ ಒಮ್ಮೆ ಕಡಿದು ಕೂಡುತ್ತದೆ. ಸ್ವಿಚ್ಚು ಮತ್ತೆ ಮೊದಲಿನಿಂದ ಎಣಿಸತೊಡಗುತ್ತದೆ. ಸ್ಥಾಪಕಕ್ಕೆ ಅಷ್ಟು ಸಹನೆಯಿಲ್ಲ. ಮನೆಯ ಚಿಕ್ಕ ಸ್ವಿಚ್ಚಿಗೆ ಈ ವಿದ್ಯೆಯೇ ತಿಳಿಯದಾದುದರಿಂದ ಭಾನುವಾರ ತೊಡಕು ಬರಲಿಲ್ಲ.

ಇಷ್ಟೇ ಆಗಿದ್ದರೆ ಉಪಾಧ್ಯಾಯರು ಸ್ವಿಚ್ಚನ್ನು ದೂರಿ ಸಮಾಧಾನ ಹೊಂದಬಹುದಾಗಿತ್ತು. ಆದರೆ ಇಂಥ ವಿಳಂಬಗಳಾಗಬಹುದೆಂದು ಅವರಿಗೆ ಮೊದಲೇ ತಿಳಿದಿತ್ತು. ವಿಳಾಸಕ್ಕಾಗಿ 60 ಸೆಕೆಂಡು ಕಾಯಬೇಕೆಂದು ಅವರು ಉತ್ತರಪತ್ರದಲ್ಲಿ ತಮ್ಮ ಕೈಯಿಂದಲೇ ಬರೆದಿದ್ದರು. ಆ ಆಜ್ಞೆಯನ್ನು ಯಂತ್ರವೇಕೆ ಪಾಲಿಸಲಿಲ್ಲ? ರಾತ್ರಿ ಹನ್ನೊಂದರ ಸುಮಾರಿಗೆ ಅವರಿಗೆ ಹೊಳೆಯಿತು. ಉತ್ತರಪತ್ರವಿರುವುದು ಪರಿಚಾರಕ ಯಂತ್ರದಲ್ಲಿ. ಅದನ್ನು ತರಬೇಕಾದರೆ ಜಾಲ ಸಿದ್ಧವಾಗಿರಬೇಕು. ಜಾಲವನ್ನು ಹೇಗೆ ಸಿದ್ಧಪಡಿಸಬೇಕೆಂಬ ಸೂಚನೆಯನ್ನು ಆ ಪತ್ರದೊಳಗೆ ಬರೆದರೆ, ಮನೆಗೆ ಬರುವ ದಾರಿಯನ್ನು ಕಾಗದದಲ್ಲಿ ಬರೆದು ಆ ಕಾಗದವನ್ನು ಮನೆಯೊಳಗೇ ಇಟ್ಟಂತೆ. ಜಾಲಕ್ಕೆ ಸಂಬಂಧಿಸಿದ ಸೂಚನೆಗಳನ್ನು ಉತ್ತರಪತ್ರದಲ್ಲಲ್ಲ, ತಿರುಳನ್ನು ಎಬ್ಬಿಸುವ ಆರಂಭದ ಸಾಲಿನಲ್ಲಿಯೇ ಹೇಳಬೇಕು. ಡೆಬಿಯನ್ನಿನ ಕೈಪಿಡಿಯಲ್ಲಿ ಈ ವಿಷಯ ಸ್ಪಷ್ಟವಾಗಿದೆ, ಉಪಾಧ್ಯಾಯರು ಓದಿಯೂ ಇದ್ದರು, ಮರೆತಿದ್ದರು. ಆ ಒಂದು ಸಾಲನ್ನು ಅಲ್ಲಿಂದ ಇಲ್ಲಿಗೆ ಸ್ಥಳಾಂತರಿಸಿದರು. ಯಂತ್ರ ಕಾದಿತು, ವಿಳಾಸ ಪಡೆಯಿತು, ಪತ್ರವನ್ನು ತರಿಸಿಕೊಂಡಿತು. ಅಪರಾಧಿ ಸಿಕ್ಕಿದ್ದನು, ಮತ್ತು ಅವನು ಹಗಲಿನಲ್ಲಿ ಮೌನವಾಗಿ ನಿಂತಿದ್ದವನೇ ಆಗಿದ್ದನು.

ಮಂಗಳವಾರ ಬೆಳಕು ಹರಿಯುವ ಮುನ್ನ ಅವರು ಕೋಡಿಗೆ ನಡೆದರು. ಹುಡುಗನು ದೋಣಿಯವರೊಡನೆ ಬಲೆಯನ್ನು ಬಿಡಿಸುತ್ತಿದ್ದನು. “ದೋಷ ನಿನ್ನ ಕೇಬಲ್ಲಿನಲ್ಲಿರಲಿಲ್ಲ, ನಾನು ಬರೆದ ಪತ್ರದಲ್ಲಿತ್ತು” ಎಂದು ಉಪಾಧ್ಯಾಯರು ಹೇಳಿದರು. ಅವನು ಸ್ವಲ್ಪ ಹೊತ್ತು ಬಲೆಯನ್ನೇ ನೋಡುತ್ತಿದ್ದು, ಅನಂತರ ತುಳುವಿನಲ್ಲಿ ಒಂದೇ ಪ್ರಶ್ನೆ ಕೇಳಿದನು: ಯಾವ ಸಾಲಿನಲ್ಲಿ ಎಂದು. ಕ್ಷಮೆಗಿಂತ ಕಾರಣವೇ ಅವನಿಗೆ ಬೇಕಾಗಿತ್ತು. ಇಬ್ಬರೂ ಶಾಲೆಗೆ ಹಿಂದಿರುಗಿದರು. ಬೆಳಗಿನ ಪ್ರಾರ್ಥನೆಯ ತರುವಾಯ ಶಿಕ್ಷಕರ ಕೊಠಡಿಯಲ್ಲಿ ಉಪಾಧ್ಯಾಯರು ಅದೇ ಮಾತನ್ನು ಮುಖ್ಯೋಪಾಧ್ಯಾಯರ ಮತ್ತು ಎಲ್ಲರ ಸಮಕ್ಷಮದಲ್ಲಿ ಪುನಃ ಹೇಳಿದರು. ಆರೋಪ ಎಲ್ಲಿ ನಡೆಯಿತೋ ಅದರ ನಿವಾರಣೆಯೂ ಅಲ್ಲಿಯೇ ನಡೆಯಬೇಕೆಂಬುದು ಪ್ರಸಾದನಿಲಯದ ಹಿರಿಯರು ಅವರಿಗೆ ಕಲಿಸಿದ ಪಾಠವಾಗಿತ್ತು.

ಕೆಲಸವೇನೋ ಇನ್ನೂ ಮುಗಿದಿರಲಿಲ್ಲ. ಇಪ್ಪತ್ನಾಲ್ಕರಲ್ಲಿ ಏಳು ಯಂತ್ರಗಳು ಮೊಂಡು ಹಿಡಿದು ನಿಂತಿದ್ದವು. ಕನ್ನಡ ಸಂಧಿಗಳು ಲೋಪ, ಆಗಮ, ಆದೇಶ ಎಂದು ಮೂರು ಬಗೆಯೆಂಬುದನ್ನು ಶ್ರೀಮಠದ ಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲನು. ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆಗುವಾಗ ಇದ್ದ ಸ್ವರ ಹೋಗುತ್ತದೆ. ಮನೆ ಮತ್ತು ಅಲ್ಲಿ ಸೇರಿ ಮನೆಯಲ್ಲಿ ಆಗುವಾಗ ಇಲ್ಲದ ಯಕಾರ ಬರುತ್ತದೆ. ಮಳೆ ಮತ್ತು ಕಾಲ ಸೇರಿ ಮಳೆಗಾಲವಾಗುವಾಗ ಒಂದರ ಸ್ಥಾನದಲ್ಲಿ ಇನ್ನೊಂದು ಬರುತ್ತದೆ. ಎರಡು ಪದಗಳು ಕೂಡುವೆಡೆಯಲ್ಲಿ ಏನಾಗುತ್ತದೆಯೋ ಎರಡು ಯಂತ್ರಗಳು ಕೂಡುವೆಡೆಯಲ್ಲಿಯೂ ಅದೇ ಆಗುತ್ತದೆಯೆಂದು ಉಪಾಧ್ಯಾಯರು ಹುಡುಗನಿಗೆ ವಿವರಿಸಿದರು.

ನಾಲ್ಕು ಯಂತ್ರಗಳಲ್ಲಿದ್ದುದು ಲೋಪ. ಅವುಗಳ ಜಾಲಕಾರ್ಡುಗಳು ಬೇರೆ ತಯಾರಿಕೆಯವು. ಕೆಲಸ ಮಾಡಲು ಫರ್ಮ್‌ವೇರ್ ಎಂಬ ಪ್ರತ್ಯೇಕ ಕಡತವನ್ನು ಬೇಡುವಂಥವು. 2023ರ ಡೆಬಿಯನ್ 12ರಿಂದ ಮೊದಲ್ಗೊಂಡು ಅಧಿಕೃತ ಸ್ಥಾಪನಾ ಮುದ್ರಿಕೆಗಳಲ್ಲಿ ಈ ಕಡತಗಳು ಸೇರಿರುತ್ತವೆ. ಜಾಲದ ಮೂಲಕ ಆರಂಭಿಸುವ ಕಿರುಗಂಟಿನಲ್ಲಿ ಮಾತ್ರ ಇರುವುದಿಲ್ಲ, ನಾವೇ ಸೇರಿಸಬೇಕು. ತಿರುಳನ್ನು ಹೊತ್ತು ತಂದ ಕಾರ್ಡನ್ನೇ ಬಂದಿಳಿದ ತಿರುಳು ಗುರುತಿಸದಿರುವ ವಿಚಿತ್ರವು ಇದರಿಂದ ಸಂಭವಿಸುತ್ತದೆ. ಕಡತವನ್ನು ಗಂಟಿಗೆ ಸೇರಿಸಿದೊಡನೆ ನಾಲ್ಕೂ ನಡೆದವು.

ಮೂರು ಯಂತ್ರಗಳಲ್ಲಿದ್ದುದು ಆದೇಶ. ಕೆಲವು ಹಳೆಯ ಟಿಪ್ಪಣಿಗಳನ್ನು ನೋಡಿ ಉಪಾಧ್ಯಾಯರು ಈ ಮೂರಕ್ಕಾಗಿ ಜಾಲದ್ವಾರದ ಹೆಸರನ್ನು ‘ಇತ್0’ ಎಂದು ಬರೆದಿದ್ದರು. ಈ ಯಂತ್ರಗಳ ಮೂಲ ದ್ವಾರವು ಹಿಂದೊಮ್ಮೆ ಸಿಡಿಲಿಗೆ ಸಿಕ್ಕಿ ಸುಟ್ಟಿದ್ದರಿಂದ ಅವುಗಳಿಗೆ ಮತ್ತೊಂದು ಕಾರ್ಡನ್ನು ತೊಡಿಸಲಾಗಿತ್ತು. ಎರಡರಲ್ಲಿ ಯಾವುದೆಂಬ ಗೊಂದಲ ತಪ್ಪಿಸಲು ಹಾಗೆ ಬರೆದಿದ್ದರು. ಆದರೆ 2013ರಿಂದೀಚೆಗೆ ಲಿನಕ್ಸಿನಲ್ಲಿ ಕಾರ್ಡು ಕುಳಿತಿರುವ ಸ್ಥಾನವನ್ನನುಸರಿಸಿ ಹೆಸರಿಡುವ ಪದ್ಧತಿ ಬಳಕೆಗೆ ಬಂದಿದೆ. ‘ಇತ್0’ ಇದ್ದೆಡೆಯಲ್ಲಿ ‘ಇಎನ್‌ಪಿ3ಎಸ್0’ ಎಂಬಂಥ ಹೆಸರು ಆದೇಶವಾಗಿ ಬರುತ್ತದೆ. ಇಲ್ಲದ ಹೆಸರಿನಿಂದ ಕರೆದರೆ ಯಾರು ಓಗೊಡಬೇಕು? ಹೆಸರನ್ನು ಅಳಿಸಿ, ಸಂಪರ್ಕವಿರುವ ದ್ವಾರವನ್ನು ತಾನೇ ಆರಿಸಿಕೊಳ್ಳುವಂತೆ ಸೂಚಿಸಿದಾಗ ತೊಡಕು ಬಗೆಹರಿಯಿತು.

ಅತ್ಯಂತ ಕಾಡಿದುದು ಆಗಮ. ಬೆಳಗ್ಗೆ ಹತ್ತು ಗಂಟೆಯವರೆಗೆ ಸರಿಯಾಗಿ ನಡೆಯುತ್ತಿದ್ದ ಯಂತ್ರಗಳು ಆ ಮೇಲೆ ಒಂದು ಸಲ ಉತ್ತರಪತ್ರ ಸಿಕ್ಕಿತೆಂದೂ ಇನ್ನೊಂದು ಸಲ ಸಿಗಲಿಲ್ಲವೆಂದೂ ಹೇಳತೊಡಗಿದವು. ಸದಾ ಕಾಣುವ ದೋಷಕ್ಕಿಂತ ಆಗಾಗ ಕಾಣುವ ದೋಷವೇ ಕ್ರೂರವಾದುದು. ಇದನ್ನು ಕಂಡುಹಿಡಿದವನು ಹುಡುಗ. ಸಫಲವಾದ ಯಂತ್ರಗಳ ವಿಳಾಸಗಳು 10 ಎಂಬ ಅಂಕಿಯಿಂದಲೂ, ವಿಫಲವಾದವುಗಳ ವಿಳಾಸಗಳು 192.168.1 ಎಂಬ ಅಂಕಿಗಳಿಂದಲೂ ಆರಂಭವಾಗುವುದನ್ನು ಅವನು ಗಮನಿಸಿ, ಈ ಎರಡನೆಯ ಬಗೆಯನ್ನು ತಾನು ಕಚೇರಿಯ ಗಣಕದಲ್ಲಿ ಕಂಡಿರುವೆನೆಂದು ಹೇಳಿದನು. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಅಂತರಜಾಲದ ರೌಟರೊಂದಿತ್ತು. ಗಣಕಶಾಲೆಗೂ ಅಂತರಜಾಲ ದೊರೆಯಲೆಂಬ ಸದುದ್ದೇಶದಿಂದ ಅವರೇ ಅಲ್ಲಿಂದ ಸ್ವಿಚ್ಚಿಗೆ ಒಂದು ಕೇಬಲ್ಲನ್ನು ಎಳೆಸಿದ್ದರು. ಕಚೇರಿ ತೆರೆದೊಡನೆ ಆ ರೌಟರು ಎಚ್ಚೆತ್ತು ತಾನೂ ವಿಳಾಸಗಳನ್ನು ಹಂಚತೊಡಗುತ್ತಿತ್ತು. ಪಿ.ಎಕ್ಸ್.ಇ. ಹಂತದಲ್ಲಿ ಯಂತ್ರವು ತನಗೆ ಬೇಕಾದ ಕಡತವನ್ನು ತಿಳಿಸುವ ಪರಿಚಾರಕನನ್ನೇ ಹುಡುಕಿಕೊಳ್ಳುತ್ತದೆ; ಎರಡನೆಯ ಸಲ ಬೇಡುವಾಗ ಮೊದಲು ಸಿಕ್ಕಿದ ಕೊಡುಗೆಯನ್ನು ಸ್ವೀಕರಿಸುತ್ತದೆ. ಒಂದೇ ಪಂಕ್ತಿಗೆ ಇಬ್ಬರು ಒಬ್ಬರನ್ನೊಬ್ಬರು ಕೇಳದೆ ಬಡಿಸಿದಂತೆ ಆಗಿತ್ತು. ಸ್ಥಾಪನೆ ಮುಗಿಯುವವರೆಗೆ ಆ ಕೇಬಲ್ಲನ್ನು ಕಳಚಿಡಲಾಯಿತು. ಕಳಚಿದವರು ಸ್ವತಃ ಮುಖ್ಯೋಪಾಧ್ಯಾಯರು. ಅವರು ಹುಡುಗನ ಕಡೆ ತಿರುಗಿ, “ಸರಿಯಾಗಿ ನೋಡಿದೆ” ಎಂದರು. ಹಿಂದಿನ ದಿನದ ಮಾತಿಗೆ ಅಷ್ಟು ಪರಿಹಾರ ಸಾಕೆ ಎಂಬುದನ್ನು ಹುಡುಗನೇ ನಿರ್ಣಯಿಸಬೇಕು. ಅವನು ಕೆಲಸದಲ್ಲಿ ಮುಂದುವರಿದನು.

ಸತ್ಯದ ದೃಷ್ಟಿಯಿಂದ ಇನ್ನೊಂದು ಮಾತನ್ನೂ ಹೇಳಬೇಕು. ಇಪ್ಪತ್ನಾಲ್ಕು ಕೇಬಲ್ಲುಗಳಲ್ಲಿ ಒಂದು ನಿಜವಾಗಿಯೂ ದೋಷಯುಕ್ತವಾಗಿತ್ತು. ಒಂದು ಯಂತ್ರದ ದೀಪದ ಬಣ್ಣ ಉಳಿದವುಗಳಂತಿಲ್ಲದುದನ್ನು ಬುಧವಾರ ಹುಡುಗನೇ ಗುರುತಿಸಿದನು. ಸಾವಿರದ ವೇಗಕ್ಕೆ ನಾಲ್ಕು ಜೋಡಿ ತಂತಿಗಳೂ ಬೇಕು. ಒಂದು ಜೋಡಿ ಸರಿಯಾಗಿ ಕಚ್ಚಿಕೊಳ್ಳದ ಕಾರಣ ಆ ಸಂಪರ್ಕ ನೂರರ ವೇಗಕ್ಕೆ ಇಳಿದಿತ್ತು. ಕೆಲಸ ನಿಂತಿರಲಿಲ್ಲ, ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ತಾನಾಗಿ ಬಂದು ಹೇಳಿ, ತುದಿಯನ್ನು ಕತ್ತರಿಸಿ ಹೊಸದಾಗಿ ಬಿಗಿದನು. ಹೊಣೆಯಿಲ್ಲದ ತಪ್ಪಿಗೆ ಬೈಸಿಕೊಂಡವನು ಎರಡೇ ದಿನಗಳಲ್ಲಿ ತನ್ನದಾದ ತಪ್ಪನ್ನು ತಾನೇ ಹೇಳಿಕೊಳ್ಳಬೇಕಾದರೆ ಆ ಕೊಠಡಿಯಲ್ಲಿ ತಪ್ಪನ್ನು ಒಪ್ಪಿಕೊಳ್ಳುವುದು ಅಪಾಯಕರವಲ್ಲವೆಂಬ ವಿಶ್ವಾಸ ಅವನಿಗೆ ಉಂಟಾಗಿರಬೇಕು. ಮಂಗಳವಾರ ಬೆಳಗ್ಗೆ ಉಪಾಧ್ಯಾಯರು ಆಡಿದ ಮಾತಿಗೆ ಸಂದ ಫಲವಿದು.

ಗುರುವಾರ ರಾತ್ರಿಯ ವೇಳೆಗೆ ಇಪ್ಪತ್ನಾಲ್ಕು ಯಂತ್ರಗಳೂ ಸಿದ್ಧವಾದವು. ಕೊನೆಯದು ಮಾತ್ರ ಬಹಳ ಸತಾಯಿಸಿತು. ಅದರೊಳಗಿನ ನಾಣ್ಯದಾಕಾರದ ಬ್ಯಾಟರಿ ಸತ್ತು, ಗಡಿಯಾರವು ಎಷ್ಟೋ ವರ್ಷ ಹಿಂದೆ ಹೋಗಿತ್ತು. ಕಡತಗಳ ಮುದ್ರೆಯ ದಿನಾಂಕ ಭವಿಷ್ಯತ್ತಿನದೆಂದು ಭಾವಿಸಿ ಯಂತ್ರವು ಅವನ್ನು ನಂಬಲೊಲ್ಲದಾಗಿತ್ತು. ಮೇಲ್ನೋಟಕ್ಕೆ ಜಾಲದ ದೋಷದಂತೆ ತೋರಿದ ಇದಕ್ಕೆ ಮದ್ದು ಮೂಲ್ಕಿಯ ಪೇಟೆಯಿಂದ ತಂದ ಒಂದು ಹೊಸ ಬ್ಯಾಟರಿ.

ಮಕ್ಕಳ ದಿನಾಚರಣೆಯಂದು ದಾನಿಗಳು ಬಂದರು. ಪರದೆಗಳ ಮೇಲೆ ಕನ್ನಡವಿತ್ತು. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರೆತಿತ್ತು. ಆ ಬಳಿಕ ಅನೇಕ ಮಂದಿ ಕನ್ನಡಿಗರು ಪ್ರತಿಫಲವನ್ನು ಬಯಸದೆ ಲಿನಕ್ಸಿನ ಆಯ್ಕೆಪಟ್ಟಿಗಳನ್ನೂ ಸೂಚನೆಗಳನ್ನೂ ಕನ್ನಡಕ್ಕೆ ತಂದಿದ್ದಾರೆ. ಅವರಲ್ಲಿ ಬಹುತೇಕರ ಮುಖವನ್ನು ನಾವು ಕಂಡಿಲ್ಲ. ಐದನೆಯ ತರಗತಿಯ ಬಾಲಕಿಯೊಬ್ಬಳು ಒಂದೊಂದೇ ಕೀಲಿಯನ್ನು ಹುಡುಕಿ ಒತ್ತುತ್ತ ತನ್ನ ಊರಿನ ಹೆಸರನ್ನು ಬರೆದಳು. ದಾನಿಗಳಲ್ಲಿ ಹಿರಿಯರೊಬ್ಬರು ತಾವು ಕೊಟ್ಟ ಯಂತ್ರ ಯಾವುದೆಂದು ವಿಚಾರಿಸಿದರು; ಅದು ಇನ್ನೂ ಬಾಳುವುದೇ ಎಂದು ಕೇಳಿದರು. ನೋಡಿಕೊಳ್ಳುವವರಿದ್ದರೆ ಬಾಳುವುದೆಂದು ಉಪಾಧ್ಯಾಯರು ಹುಡುಗನನ್ನು ತೋರಿಸಿದರು. ವಿದ್ಯಾದಾನಕ್ಕಾಗಿ ಯಂತ್ರಗಳನ್ನು ಕೊಡಬಯಸುವ ಮಹನೀಯರು ಗಮನಿಸಬೇಕಾದ ವಿಷಯವಿದು: ಯಂತ್ರವನ್ನು ಕೊಟ್ಟವರ ಪುಣ್ಯವು ಅದನ್ನು ನೋಡಿಕೊಳ್ಳುವವರ ಕೈಯಲ್ಲಿ ಉಳಿಯುತ್ತದೆ, ಆ ಕೈಗೂ ಸಂಬಳ ಬೇಕು, ಮರ್ಯಾದೆಯೂ ಬೇಕು. ಶಾಲೆಯ ಆಡಳಿತ ಮಂಡಳಿಯು ಹುಡುಗನ ನೇಮಕವನ್ನು ಶೈಕ್ಷಣಿಕ ವರ್ಷದ ಅಂತ್ಯದವರೆಗೆ ವಿಸ್ತರಿಸಿತು.

ಗಣಕಶಾಲೆಯ ಬೀರುವಿನಲ್ಲಿ ಈಗ ಇನ್ನೂರು ಪುಟದ ಒಂದು ನೋಟುಪುಸ್ತಕವಿದೆ. ಅದರ ಮೊದಲ ಪುಟದಲ್ಲಿ ಹುಡುಗನು ತನ್ನ ಅಕ್ಷರದಲ್ಲಿ, ಕೆಟ್ಟಾಗ ನೋಡಬೇಕಾದ ಅನುಕ್ರಮವನ್ನು ಬರೆದಿಟ್ಟಿದ್ದಾನೆ: ದೀಪ ಉರಿಯುತ್ತಿದೆಯೇ, ಬಣ್ಣ ಸರಿಯೇ, ಯಂತ್ರಕ್ಕೆ ಕಾರ್ಡು ಕಾಣಿಸಿದೆಯೇ, ಅದರ ಹೆಸರೇನು, ವಿಳಾಸ ಬಂದಿದೆಯೇ, ಕೊಟ್ಟವರು ಯಾರು, ಪರಿಚಾರಕವನ್ನು ಕರೆದರೆ ಓಗೊಡುವುದೇ, ಗಡಿಯಾರ ಸರಿಯೇ, ನಾಲ್ಕನೆಯ ಪರದೆಯಲ್ಲಿ ಏನು ಬರೆದಿದೆ. ಒಂಬತ್ತು ಸಾಲುಗಳಾದ ಮೇಲೆ ಒಂದು ಗೆರೆ. ಗೆರೆಯ ಕೆಳಗೆ ಉಪಾಧ್ಯಾಯರ ಅಕ್ಷರದಲ್ಲಿ ಹತ್ತನೆಯ ಸಾಲು: ಇಷ್ಟನ್ನೂ ನೋಡುವವರೆಗೆ ಯಾರ ಹೆಸರನ್ನೂ ಹೇಳಬಾರದು.